ಪ್ಯಾರಾಕಾರ್ಡ್ ಚಾವಟಿ ಹೆಣೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲದ ಸಂಜೆ ಜಗಲಿಯಲ್ಲಿ ಕೂತು ಹಗ್ಗ ಹೆಣೆಯುತ್ತಿದ್ದರೆ ದಾರಿಯಲ್ಲಿ ಹೋಗುವವರು ಸುಮ್ನೆ ಹೋಗುವುದಿಲ್ಲ. “ಎಂಥದು ಮಾರಾಯ್ರೇ ಅದು?” ಅಂತ ನಿಂತು ಕೇಳುತ್ತಾರೆ. ಚಾವಟಿ ಅಂದರೆ ಮತ್ತೆ ಹತ್ತು ಪ್ರಶ್ನೆ. ತೀರ್ಥಹಳ್ಳಿಯಿಂದ ಶಿವಮೊಗ್ಗದವರೆಗೆ ಸಿಕ್ಕವರಿಗೆಲ್ಲ ಅದೇ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಟ್ಟಿದ್ದೇನೆ. ನಾನು ಹೆಣೆಯುವುದು ಬುಲ್‌ವಿಪ್ ಅನ್ನುವ ಚಾವಟಿ, ಅದೂ ಚರ್ಮದ ಬದಲು ಪ್ಯಾರಾಕಾರ್ಡ್ ಅನ್ನುವ ಪ್ಯಾರಾಚೂಟಿನ ನೈಲಾನ್ ಹಗ್ಗದಿಂದ. ಇಲ್ಲಿರುವ ಲೆಕ್ಕವೆಲ್ಲ ಹಿಡಿಯೂ ಸೇರಿ ಆರು ಅಡಿ ಇರುವ ಚಾವಟಿಯದ್ದು. ಮೊದಲ ಸಲ ಮಾಡುವವರಿಗೆ ಆ ಅಳತೆ ಸರಿ. ಅದಕ್ಕಿಂತ ಉದ್ದ ಬೇಡ, ಹಗ್ಗವೂ ದಂಡ, ತಾಳ್ಮೆಯೂ ದಂಡ.

ಬುಲ್‌ವಿಪ್ ಅಂದರೆ ನಮ್ಮ ಬಾರುಕೋಲೇ ಅಲ್ವಾ?

ನೆಂಟರು ಹೌದು, ಆದರೆ ಒಂದೇ ಮನೆಯವರಲ್ಲ. ಬಾರುಕೋಲಿನಲ್ಲಿ ಉದ್ದ ಕೋಲು, ಅದರ ತುದಿಗೆ ಕಟ್ಟಿದ ಬಾರು. ನಮ್ಮಜ್ಜನ ಬಾರುಕೋಲು ಇನ್ನೂ ಅಟ್ಟದಲ್ಲಿದೆ, ಬೆತ್ತದ್ದು. ಬಾರು ಯಾವತ್ತೋ ಇಲಿ ಪಾಲಾಯಿತು. ಬುಲ್‌ವಿಪ್‌ನಲ್ಲಿ ಹಿಡಿ ಗಿಡ್ಡ, ಎಂಟು ಇಂಚು ಅಷ್ಟೇ. ಅಲ್ಲಿಂದ ಮುಂದೆ ಒಂದೇ ಹೆಣಿಗೆ, ಹೋಗ್ತಾ ಹೋಗ್ತಾ ಸಣ್ಣ. ದೇವಿಯನ್ನು ತಲೆ ಮೇಲೆ ಹೊತ್ತು ಬರುವ ದುರ್ಗಮುರ್ಗಿಯವರ ಚಾಟಿ ನೋಡಿದ್ದೀರಲ್ಲ? ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ, ಬೀಸಿದರೆ ಊರ ಬಾಗಿಲಿಗೆಲ್ಲ ಕೇಳುವ ಛಟೀರ್. ಆಕಾರದಲ್ಲಿ ಬುಲ್‌ವಿಪ್ ಅದಕ್ಕೇ ಹತ್ತಿರ.

ಭಾಗಗಳು ನಾಲ್ಕು. ಕೈಯಲ್ಲಿರುವುದು ಹಿಡಿ. ಹೆಣೆದ ಉದ್ದ ಭಾಗ ಮೈ. ಮೈಯ ತುದಿಗೆ ಕಟ್ಟುವ ಒಂಟಿ ಎಳೆ ಬಾಲ, ಅದಕ್ಕೆ ಇಂಗ್ಲಿಷಿನವರು ಫಾಲ್ ಅನ್ನುತ್ತಾರೆ. ಬಾಲದ ತುದಿಯ ನೂಲಿನ ಕುಚ್ಚೇ ಕ್ರ್ಯಾಕರ್.

ಚರ್ಮ ಬಿಟ್ಟು ಪ್ಯಾರಾಕಾರ್ಡ್ ಯಾಕೆ?

ಒಂದು ಆಷಾಢ ಇಲ್ಲಿ ಕಳೆದವರು ಈ ಪ್ರಶ್ನೆ ಕೇಳುವುದಿಲ್ಲ. ಬೀರುವಿನಲ್ಲಿಟ್ಟ ಬೆಲ್ಟಿಗೆ, ಚಪ್ಪಲಿಗೆ ಹದಿನೈದು ದಿನಕ್ಕೆ ಹಸಿರು ಬೂಷ್ಟು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ತೀರ್ಥಹಳ್ಳಿ, ಹೊಸನಗರದ ಕಡೆಯೂ ಗೋಡೆಯಿಂದ ನೀರು ಒಸರುವ ದಿನಗಳಿಗೆ ಬರವಿಲ್ಲ. ಚರ್ಮದ ಚಾವಟಿಗೆ ಎಣ್ಣೆ, ಕೊಬ್ಬು, ಬಿಸಿಲು ಅಂತ ಆರೈಕೆ ಮಾಡುತ್ತಲೇ ಇರಬೇಕು. ಜಗತ್ತಿನಲ್ಲಿ ಒಳ್ಳೆಯ ಬುಲ್‌ವಿಪ್‌ಗೆ ಹೆಸರಾದದ್ದು ಕಾಂಗರೂ ಚರ್ಮ. ತೆಳು, ಗಟ್ಟಿ, ಸಣ್ಣ ಪಟ್ಟಿ ಮಾಡಿದರೂ ಹರಿಯುವುದಿಲ್ಲ. ಆದರೆ ಅದನ್ನು ತರಿಸಿ ಒಂದೇ ಅಗಲಕ್ಕೆ ಪಟ್ಟಿ ಕತ್ತರಿಸುವುದೇ ಒಂದು ಬೇರೆ ವಿದ್ಯೆ. ಪ್ಯಾರಾಕಾರ್ಡ್ ಆದರೆ ಕತ್ತರಿ ಹಿಡಿದು ಅಳತೆಗೆ ತುಂಡು ಮಾಡಿದರೆ ಆಯಿತು. ಒದ್ದೆಯಾದರೆ ಹಗ್ಗದ ಮೇಲೆ ನೇತುಹಾಕಿ.

ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ. ನೈಲಾನ್ ಹಗುರ. ಚರ್ಮಕ್ಕೆ ತಾನಾಗಿ ಬರುವ ತೂಕವನ್ನು ಇದಕ್ಕೆ ನಾವು ತುಂಬಬೇಕು. ಅದು ಹೇಗೆ ಅಂತ ಮುಂದೆ ಬರುತ್ತದೆ.

ಅಂಗಡಿಯ ಪ್ಲಾಸ್ಟಿಕ್ ಹಗ್ಗ ಆಗಲ್ವಾ?

ಆಗುವುದಿಲ್ಲ. ದನ ಕಟ್ಟುವ ಹಳದಿ, ನೀಲಿ ಹಗ್ಗ ಬಹುಪಾಲು ಪಾಲಿಪ್ರೊಪಿಲೀನ್. ಜಾರುತ್ತದೆ, ಒರಟು, ಬಿಸಿಲಿಗೆ ಪುಡಿಯಾಗುತ್ತದೆ. ಪ್ಯಾರಾಕಾರ್ಡ್ ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರ ಪ್ಯಾರಾಚೂಟಿನಲ್ಲಿದ್ದ ಹಗ್ಗ. ನಮಗೆ ಬೇಕಾದದ್ದು 550 ಅನ್ನುವ ಜಾತಿ. ಸುಮಾರು 4 ಮಿಲಿಮೀಟರ್ ದಪ್ಪ. 550 ಪೌಂಡ್, ಅಂದರೆ ಹತ್ತಿರ ಹತ್ತಿರ 250 ಕಿಲೋ ತಡೆಯುತ್ತದೆ ಅನ್ನುವುದರಿಂದ ಆ ಹೆಸರು. ಹೊರಗೆ ನೇಯ್ದ ಕವಚ, ಒಳಗೆ ಏಳು ನೂಲು. ಆ ಒಳನೂಲನ್ನು ನಾನು ತಿರುಳು ಅನ್ನುತ್ತೇನೆ. ತಿರುಳು ಎಳೆದು ತೆಗೆದರೆ ಕವಚ ಚಪ್ಪಟೆಯಾಗಿ ಉಳಿಯುತ್ತದೆ. ಚಾವಟಿ ಕೆಲಸದ ಅರ್ಧ ಗುಟ್ಟು ಇಲ್ಲೇ ಇದೆ.

ಆನ್‌ಲೈನಿನಲ್ಲಿ ಪ್ಯಾರಾಕಾರ್ಡ್ ಅಂತ ಬರುವುದೆಲ್ಲ ನೈಲಾನ್ ಅಲ್ಲ. ಬಂದ ದಿನವೇ ಎರಡು ಪರೀಕ್ಷೆ ಮಾಡಿ. ತುದಿ ಕತ್ತರಿಸಿ ಒಳಗೆ ಏಳು ನೂಲು ಇದೆಯಾ ಎಣಿಸಿ. ಆಮೇಲೆ ಒಂದು ಇಂಚಿನ ತುಂಡನ್ನು ಚೊಂಬಿನ ನೀರಿಗೆ ಹಾಕಿ, ಒಳಗಿನ ಗಾಳಿ ಹೋಗುವ ಹಾಗೆ ಬೆರಳಲ್ಲಿ ಚೆನ್ನಾಗಿ ಹಿಂಡಿ. ನೈಲಾನ್ ಮುಳುಗುತ್ತದೆ, ಪಾಲಿಪ್ರೊಪಿಲೀನ್ ತೇಲುತ್ತದೆ. ಪಾಲಿಯೆಸ್ಟರ್ ಕೂಡ ಮುಳುಗುತ್ತದೆ, ಅದರಿಂದ ಹೆಣೆದರೂ ತೊಂದರೆ ಇಲ್ಲ. ನೀರು ಕುಡಿಯುವುದು ಕಮ್ಮಿ, ಎಳೆದರೆ ಹಿಗ್ಗುವುದೂ ಕಮ್ಮಿ. ತೇಲಿದ್ದನ್ನು ಮಾತ್ರ ಬಟ್ಟೆ ಒಣಗಿಸಲು ಕಟ್ಟಿಬಿಡಿ.

ಎಷ್ಟು ಹಗ್ಗ ಬೇಕು? ಬೇರೆ ಏನೇನು ಬೇಕು?

30 ಮೀಟರಿನ ಎರಡು ಸುರುಳಿ ಸಾಕು, ಸ್ವಲ್ಪ ಉಳಿಯುತ್ತದೆ. ಹಿಡಿಗೆ ಎಂಟು ಇಂಚಿನ ಕಬ್ಬಿಣದ ಸರಳು, 8 ಮಿಲಿಮೀಟರಿನದು. ಕಟ್ಟಡ ಕೆಲಸ ನಡೆಯುವ ಕಡೆ ತುಂಡು ಕೇಳಿದರೆ ಸುಮ್ನೆ ಕೊಡುತ್ತಾರೆ. ಎರಡು ತುದಿಯನ್ನೂ ಅರದಿಂದ ಉಜ್ಜಿ ಚೂಪು ತೆಗೆಯಿರಿ. ಎಲೆಕ್ಟ್ರಿಷಿಯನ್ ಬಳಸುವ ಕಪ್ಪು ಇನ್ಸುಲೇಶನ್ ಟೇಪು, ಚಪ್ಪಲಿ ಹೊಲಿಯುವ ಮೇಣದ ದಾರ, ಲೈಟರ್, ಕತ್ತರಿ, ಮೊಂಡು ದಬ್ಬಣ. ಸೈಕಲ್ ಶಾಪಿನಿಂದ 4 ಮಿಲಿಮೀಟರ್ ಆಸುಪಾಸಿನ ಬೇರಿಂಗ್ ಬಾಲ್ಸ್, ಸುಮಾರು 190. ಶಾಪಿನವನು ಮುಖ ನೋಡುತ್ತಾನೆ. “ಯಾವ ಸೈಕಲ್ಲಿಗೆ ಅಣ್ಣಾ ಇಷ್ಟು?” ಅಂತ ಕೇಳಿಯೇ ಕೇಳುತ್ತಾನೆ.

ಒಳಗಡೆ ಏನಿರುತ್ತದೆ?

ನಾಲ್ಕು ಪದರ. ಮಧ್ಯದಲ್ಲಿ ತಿರುಳು ತೆಗೆದ ಒಂದು ಹಗ್ಗ, ಅದರೊಳಗೆ ಆ ಬೇರಿಂಗ್ ಗೋಲಿಗಳು. ಇದೇ ಚಾವಟಿಗೆ ತೂಕ ಕೊಡುವುದು. ನಾಲ್ಕು ಅಡಿ ಹಗ್ಗ ತೆಗೆದುಕೊಂಡು, ಎರಡೂವರೆ ಅಡಿಯಷ್ಟು ಗೋಲಿ ತುಂಬಿ, ಮುಂದಿನದ್ದನ್ನು ಖಾಲಿ ಬಿಡಿ. ಗೋಲಿ ಒಂದೊಂದಾಗಿ ಕವಚದೊಳಗೆ ತಳ್ಳಿ ಹಿಂದಕ್ಕೆ ಸರಿಸುತ್ತಾ ಹೋಗಬೇಕು. ಅವಲಕ್ಕಿ ತಿನ್ನುತ್ತಾ ಮಾಡುವ ಕೆಲಸ ಅಲ್ಲ, ಒಂದು ಗೋಲಿ ಬಿದ್ದರೆ ಜಗಲಿಯ ಆ ತುದಿಗೆ ಹೋಗಿ ನಿಲ್ಲುತ್ತದೆ. ತುಂಬಿದ ಮೇಲೆ ತೂಕ ಸುಮಾರು 50 ಗ್ರಾಂ ಆಗುತ್ತದೆ. ಮೀನು ಹಿಡಿಯುವವರ ಸೀಸದ ಗುಂಡು ಬಳಸುವವರೂ ಇದ್ದಾರೆ. ನಾನು ಬಳಸುವುದಿಲ್ಲ. ಸೀಸ ಕೈಗೆ ಹತ್ತುತ್ತದೆ, ಅದೇ ಕೈಯಲ್ಲಿ ಊಟ ಮಾಡುತ್ತೇವೆ.

ಗೋಲಿ ತುಂಬಿದ ಹಗ್ಗದ ಬುಡವನ್ನು ಸರಳಿನ ತುದಿಗೆ ಮೂರು ಇಂಚು ಜೊತೆ ಸೇರಿಸಿ, ಮೇಣದ ದಾರದಿಂದ ಬಿಗಿಯಾಗಿ ಸುತ್ತಿ, ಮೇಲೆ ಟೇಪು ಹಾಕಿ. ಈ ಕೂಡುವ ಜಾಗ ಬಲಹೀನವಾದರೆ ಚಾವಟಿ ಅಲ್ಲೇ ಕುತ್ತಿಗೆ ಮುರಿಯುತ್ತದೆ.

ಇದರ ಮೇಲೆ ಮೊದಲ ಒಳಹೆಣಿಗೆ. ಒಂಬತ್ತು ಅಡಿಯ ಎರಡು ತುಂಡನ್ನು ಮಧ್ಯಕ್ಕೆ ಮಡಚಿದರೆ ನಾಲ್ಕು ಎಳೆ. ಇದು ಮೂರು ಅಡಿವರೆಗೆ. ಅದರ ಮೇಲೆ ಎರಡನೇ ಒಳಹೆಣಿಗೆ, ಎಂಟು ಎಳೆಯದು. 14 ಅಡಿಯ ಎರಡು, 11 ಅಡಿಯ ಒಂದು, 7 ಅಡಿಯ ಒಂದು ತುಂಡು. ಎಲ್ಲ ಮಡಚಿದ್ದೇ. ಇದು ನಾಲ್ಕೂವರೆ ಅಡಿವರೆಗೆ ಹೋಗುತ್ತದೆ. ಕೊನೆಯದು ಹೊರಹೆಣಿಗೆ, ಹನ್ನೆರಡು ಎಳೆ: 20 ಅಡಿಯ ಮೂರು ತುಂಡು, 14, 11, 8 ಅಡಿಯ ಒಂದೊಂದು. ಇದು ಪೂರ್ತಿ ಆರು ಅಡಿ. ಪ್ರತಿ ಒಳಹೆಣಿಗೆ ಮುಗಿದ ಮೇಲೂ ಟೇಪಿನ ಒಂದು ಸುತ್ತು ಹಾಕಿ. ಬುಡದ ಕಡೆ ಇನ್ನೊಂದು ಸುತ್ತು ಜಾಸ್ತಿ, ತುದಿ ಕಡೆ ಒಂದೇ.

ಲೆಕ್ಕ ಗಮನಿಸಿದಿರಾ? ಪ್ರತಿ ಪದರವೂ ಒಂದೊಂದು ಕಡೆ ಮುಗಿಯುತ್ತದೆ. ಬುಡದಲ್ಲಿ ನಾಲ್ಕೂ ಪದರ, ಮಧ್ಯದಲ್ಲಿ ಅದಕ್ಕಿಂತ ಕಮ್ಮಿ, ತುದಿಯಲ್ಲಿ ಹೊರಹೆಣಿಗೆ ಒಂದೇ. ತೆಂಗಿನ ಗರಿಯ ಕಡ್ಡಿ ಒಂದು ಹಿಡಿದು ನೋಡಿ. ಎಲ್ಲಿ ದಪ್ಪ ಮುಗಿಯಿತು, ಎಲ್ಲಿ ಸಣ್ಣ ಶುರುವಾಯಿತು ಅಂತ ಬೆರಳಿಗೆ ಗೊತ್ತಾಗುವುದಿಲ್ಲ. ಚಾವಟಿ ಹಾಗಿರಬೇಕು.

ಜಡೆ ಹೆಣೆಯಲು ಬಂದರೆ ಸಾಕಾ?

ಅರ್ಧ ಬಂದ ಹಾಗೆ. ಜಡೆ ಚಪ್ಪಟೆ, ಇದು ದುಂಡು. ವ್ಯತ್ಯಾಸ ಇಷ್ಟೇ: ಇಲ್ಲಿ ಪ್ರತಿ ಎಳೆಯೂ ಹಿಂದಿನಿಂದ ಸುತ್ತಿ ಬರಬೇಕು.

ಮೊದಲು ನಾಲ್ಕು ಎಳೆಯಲ್ಲಿ ಕಲಿಯಿರಿ. ಎಡಗೈಯಲ್ಲಿ ಎರಡು, ಬಲಗೈಯಲ್ಲಿ ಎರಡು. ಬಲಗಡೆಯ ಮೇಲಿನ ಎಳೆಯನ್ನು ಚಾವಟಿಯ ಬೆನ್ನ ಹಿಂದಿನಿಂದ ಎಡಗಡೆಗೆ ತನ್ನಿ. ಎಡಗಡೆಯ ಒಂದು ಎಳೆಯ ಕೆಳಗೆ ತೂರಿಸಿ, ಇನ್ನೊಂದರ ಮೇಲೆ ಹಾಯಿಸಿ, ಅದರ ಜಾಗಕ್ಕೆ, ಅಂದರೆ ಬಲಗಡೆಗೇ ವಾಪಸ್ ಬಿಡಿ. ಈಗ ಎಡಗಡೆಯದ್ದು, ಅದೇ ರೀತಿ. ಎಂಟು ಎಳೆಗೆ ಎರಡರ ಕೆಳಗೆ, ಎರಡರ ಮೇಲೆ. ಹನ್ನೆರಡಕ್ಕೆ ಮೂರರ ಕೆಳಗೆ, ಮೂರರ ಮೇಲೆ. ನಡುವೆ ಹತ್ತು ಎಳೆ ಬಂದಾಗ ಎರಡರ ಕೆಳಗೆ, ಮೂರರ ಮೇಲೆ. ಬಾಯಲ್ಲಿ ಹೇಳಿಕೊಳ್ಳುತ್ತಾ ಹೆಣೆದರೆ ತಪ್ಪುವುದಿಲ್ಲ. ನಮ್ಮ ಅತ್ತಿಗೆ ನನ್ನ ಗುಣುಗುಣು ಕೇಳಿ “ಯಾವ ಸ್ತೋತ್ರ ಅದು?” ಅಂತ ಕೇಳಿದ್ದಳು.

ಹಿಡಿಯನ್ನು ಜಗಲಿ ಕಂಬಕ್ಕೆ ಕಟ್ಟಿಕೊಂಡು ಹಿಂದೆ ವಾಲಿ ಎಳೆಯಿರಿ. ಒಂದೇ ಬಿಗಿ ಮುಖ್ಯ. ಸಂಜೆ ಸುಸ್ತಾದ ಮೇಲೆ ಹೆಣೆದ ಜಾಗ ಬೆಳಿಗ್ಗೆ ನೋಡಿದರೆ ಬೇರೆಯೇ ಕಾಣುತ್ತದೆ. ಸಾಕು ಅನ್ನಿಸಿದರೆ ಬಟ್ಟೆಯ ಕ್ಲಿಪ್ಪು ಹಾಕಿ ಎದ್ದುಬಿಡಿ. ಎರಡು ಎಳೆ ಹೆಚ್ಚಿಗೆ ಹೆಣೆಯುವ ಆಸೆ ಬೇಡ. ಮೊದಲ ದಿನಗಳಲ್ಲಿ ಕಿರುಬೆರಳ ಮಡಿಕೆಯಲ್ಲಿ ಹಗ್ಗ ಕುಯ್ಯುತ್ತದೆ, ಅಲ್ಲಿಗೆ ಬಟ್ಟೆಯ ಪ್ಲಾಸ್ಟರ್ ಸುತ್ತಿಕೊಳ್ಳಿ.

ಎಳೆ ಕಡಿಮೆ ಮಾಡುವುದು ಹೇಗೆ? ನಂದು ಗಂಟು ಗಂಟಾಗಿದೆ.

ನನ್ನ ಮೊದಲ ಚಾವಟಿಯೂ ಹಾಗೇ ಆಗಿತ್ತು. ಕಪ್ಪೆ ನುಂಗಿದ ಹಾವಿನ ಹಾಗೆ ಮೂರು ಕಡೆ ಉಬ್ಬು. ಬೀಸಿದರೆ ಉಬ್ಬಿದ ಜಾಗದಲ್ಲಿ ಮಡಚಿಕೊಂಡು ಕಾಲಿನ ಹತ್ತಿರ ಬಂದು ಬೀಳುತ್ತಿತ್ತು. ಸದ್ದೂ ಇಲ್ಲ, ಏನೂ ಇಲ್ಲ. ಬಿಚ್ಚಿ ನೋಡಿದರೆ ತಪ್ಪು ಗೊತ್ತಾಯಿತು: ಮುಗಿದ ಎಳೆಯನ್ನು ಇದ್ದ ಹಾಗೇ ಒಳಗೆ ತುರುಕಿ ಮುಂದೆ ಹೆಣೆದಿದ್ದೆ.

ಸರಿಯಾದ ರೀತಿ ಹೀಗೆ. ಒಂದು ಜೋಡಿ ಎಳೆ ಮುಗಿಯಲು ನಾಲ್ಕೈದು ಇಂಚು ಇದೆ ಅನ್ನುವಾಗ ನಿಲ್ಲಿಸಿ. ಆ ಎಳೆಯ ತುದಿ ಕತ್ತರಿಸಿ, ಒಳಗಿನ ಏಳು ನೂಲನ್ನೂ ಎಳೆದು, ಹೆಣಿಗೆಯ ಬಾಯಿಯವರೆಗೆ ಬಂದ ಮೇಲೆ ಕತ್ತರಿಸಿಬಿಡಿ. ಇನ್ನೂ ನಯ ಬೇಕು ಅಂದರೆ ಏಳನ್ನೂ ಒಂದೇ ಕಡೆ ಕತ್ತರಿಸಬೇಡಿ, ಎರಡು ಇಲ್ಲಿ, ಎರಡು ಒಂದಿಂಚು ಮುಂದೆ, ಉಳಿದದ್ದು ಇನ್ನೂ ಮುಂದೆ. ಈಗ ಚಪ್ಪಟೆ ಕವಚ ಮಾತ್ರ ಉಳಿಯಿತು. ಅದನ್ನು ಮಧ್ಯಕ್ಕೆ ಮಲಗಿಸಿ, ಉಳಿದ ಎಳೆಗಳು ಅದರ ಮೇಲೆ ಹೆಣೆದುಕೊಂಡು ಹೋಗಲಿ. ಯಾವಾಗಲೂ ಎಡದ್ದೊಂದು, ಬಲದ್ದೊಂದು ಒಟ್ಟಿಗೆ ಬಿಡಬೇಕು. ಹೊರಹೆಣಿಗೆಯಲ್ಲಿ ಹನ್ನೆರಡು ಹತ್ತಾಗಿ, ಎಂಟಾಗಿ, ಕೊನೆಗೆ ಆರಕ್ಕೆ ಬರುತ್ತದೆ. ಒಳಹೆಣಿಗೆ ಮುಗಿಯುವ ಜಾಗ ಮತ್ತು ಹೊರಗೆ ಎಳೆ ಬಿಡುವ ಜಾಗ ಒಂದೇ ಕಡೆ ಬರಬಾರದು. ಬಂದರೆ ಅಲ್ಲಿ ದಿಢೀರನೆ ಸಣ್ಣವಾಗುತ್ತದೆ, ಚಾವಟಿ ಅಲ್ಲೇ ಮುರಿದ ಹಾಗೆ ಬಾಗುತ್ತದೆ.

ಕಣ್ಣು ಮುಚ್ಚಿ ಬೆರಳ ನಡುವೆ ಬುಡದಿಂದ ತುದಿಗೆ ಎಳೆಯಿರಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ.

ಹೆಣಿಗೆ ಪಕ್ಕಕ್ಕೆ ಸುತ್ತಿಕೊಂಡು ಹೋಗುತ್ತಿದೆ, ಏನು ಮಾಡಲಿ?

ಒಂದು ಕೈ ಇನ್ನೊಂದಕ್ಕಿಂತ ಬಿಗಿ ಎಳೆಯುತ್ತಿದೆ. ಬಲಗೈಯವರಿಗೆ ಸಾಮಾನ್ಯವಾಗಿ ಬಲದ್ದೇ ಬಿಗಿ. ಒಂದು ಅಡಿ ಒಳಗಿದ್ದರೆ ಬಿಚ್ಚಿ. ಜಾಸ್ತಿ ಆಗಿದ್ದು ಒಳಹೆಣಿಗೆಯಲ್ಲಾದರೆ ಬಿಡಿ, ಯಾರಿಗೂ ಕಾಣುವುದಿಲ್ಲ.

ಪ್ರತಿ ಪದರ ಮುಗಿದ ಮೇಲೆ ಸಿಮೆಂಟಿನ ನೆಲದ ಮೇಲೆ ಚಾವಟಿ ಇಟ್ಟು, ಮೇಲೆ ಹಲಗೆ ಒತ್ತಿ, ಹಿಂದೆ ಮುಂದೆ ಉರುಳಿಸಿ. ಹೆಣಿಗೆ ಕೂತುಕೊಂಡು ದುಂಡಗಾಗುತ್ತದೆ.

ಹಿಡಿಯ ಗಂಟು ಹೇಗೆ?

ಟರ್ಕ್ಸ್ ಹೆಡ್ ಅನ್ನುವ, ಉಂಗುರದ ಹಾಗೆ ಸುತ್ತಿ ಹೆಣೆಯುವ ಗಂಟು. ಹಿಡಿಯ ಬುಡಕ್ಕೊಂದು, ಹಿಡಿ ಮುಗಿದು ಮೈ ಶುರುವಾಗುವಲ್ಲಿ ಒಂದು. ಇದನ್ನು ಬರೆದು ತಿಳಿಸುವುದು ಈಜು ಬರೆದು ಕಲಿಸಿದ ಹಾಗೆ. ಒಂದು ವಿಡಿಯೋ ನೋಡಿ, ಪೊರಕೆ ಹಿಡಿಯ ಮೇಲೆ ಹತ್ತು ಸಲ ಕಟ್ಟಿ ಅಭ್ಯಾಸ ಮಾಡಿ. ಬುಡದ ಗಂಟಿನ ಕೆಳಗೆ ಟೇಪು ಸುತ್ತಿ ಸ್ವಲ್ಪ ಉಬ್ಬಿಸಿಕೊಂಡರೆ ಕೈ ಜಾರುವುದಿಲ್ಲ.

ತುದಿ ಸುಡುವಾಗ ಒಂದು ಎಚ್ಚರ: ಕರಗಿದ ನೈಲಾನ್ 200 ಡಿಗ್ರಿಗೂ ಮೇಲಿರುತ್ತದೆ, ಬೆರಳಿಗೆ ಅಂಟಿದರೆ ಚರ್ಮ ಸಮೇತ ಬರುತ್ತದೆ. ಕರಗಿದ್ದನ್ನು ಚಮಚದ ಬೆನ್ನಲ್ಲಿ ಒತ್ತಿ.

ಮೇಣ ಹಾಕಲೇಬೇಕಾ?

ಹಾಕಿದರೆ ಒಳ್ಳೆಯದು. ಮೈ ಸ್ವಲ್ಪ ಬಿಗಿಯಾಗುತ್ತದೆ, ತೂಕ ಬರುತ್ತದೆ, ಮಳೆ ನೀರು ಒಳಗಿಳಿಯುವುದು ಕಮ್ಮಿಯಾಗುತ್ತದೆ. ಮೇಣದ ಬತ್ತಿಯ ಪ್ಯಾರಾಫಿನ್ ಸಾಕು, ಸುಮಾರು 60 ಡಿಗ್ರಿಗೆ ಕರಗುತ್ತದೆ. ಮೇಣದ ಪಾತ್ರೆಯನ್ನು ನೇರ ಬೆಂಕಿಗೆ ಇಡಲೇಬಾರದು, ಹತ್ತಿಕೊಳ್ಳುತ್ತದೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಮೇಣದ ಪಾತ್ರೆ ಇಡಿ. ಚಾವಟಿಯನ್ನು ಸುರುಳಿ ಮಾಡಿ ಹತ್ತು ಹದಿನೈದು ನಿಮಿಷ ಮುಳುಗಿಸಿ. ಗುಳ್ಳೆ ಬರುವುದು ನಿಂತ ಮೇಲೆ ತೆಗೆದು, ಬಿಸಿ ಇರುವಾಗಲೇ ಹಳೇ ಪಂಚೆಯಲ್ಲಿ ಒರೆಸಿ, ನೆಟ್ಟಗೆ ನೇತುಹಾಕಿ. ಬಾಲಕ್ಕೆ, ಕುಚ್ಚಿಗೆ ಮೇಣ ಬೇಡ. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗುವುದಿಲ್ಲ ಅನ್ನುವುದನ್ನು ಮೊದಲೇ ಮನೆಯಲ್ಲಿ ಹೇಳಿಬಿಡಿ. ನಾನು ಹೇಳಿರಲಿಲ್ಲ.

ಬಾಲ, ಕುಚ್ಚು ಯಾವುದರದ್ದು?

ಬಾಲಕ್ಕೆ ಎರಡೂವರೆ ಅಡಿಯ ಒಂದೇ ಎಳೆ ಪ್ಯಾರಾಕಾರ್ಡ್. ಅದರ ಬುಡದಲ್ಲಿ ಒಂದು ಕಣ್ಣು ಮಾಡಿಕೊಂಡು, ಮೈಯ ಕೊನೆಯ ಆರು ಎಳೆಗಳನ್ನು ಅದರೊಳಗೆ ತೂರಿಸಿ, ಒಂದೊಂದಾಗಿ ಸುತ್ತಿ ಬಿಗಿಯಬೇಕು. ಸವೆದರೆ ಬಾಲ ಮಾತ್ರ ಬದಲಾಯಿಸಬಹುದು, ಅದಕ್ಕೇ ಬೇರೆ ಕಟ್ಟುವುದು.

ಕುಚ್ಚಿಗೆ ಪಾಲಿಯೆಸ್ಟರ್ ಅಥವಾ ನೈಲಾನ್ ಹೊಲಿಗೆ ದಾರ. ಎಂಟು ಹತ್ತು ಎಳೆ ಸೇರಿಸಿ, ದೀಪದ ಬತ್ತಿ ಹೊಸೆದ ಹಾಗೆ ತೊಡೆಯ ಮೇಲೆ ಹೊಸೆದು, ಮಧ್ಯಕ್ಕೆ ಮಡಚಿ ಬಿಟ್ಟರೆ ತಾನಾಗಿ ಸುತ್ತಿಕೊಳ್ಳುತ್ತದೆ. ಆರೇಳು ಇಂಚಿಗೆ ಗಂಟು ಹಾಕಿ, ಗಂಟಿನಾಚೆ ಒಂದಿಂಚು ಬಿಡಿಸಿ ಕುಚ್ಚು ಮಾಡಿ. ಹತ್ತಿ ದಾರ ಬೇಡ, ನಾಲ್ಕು ಬೀಸಿಗೆ ಚಿಂದಿ. ಒಂದೇ ಸಲ ಹತ್ತು ಮಾಡಿಟ್ಟುಕೊಳ್ಳಿ.

ಸದ್ದು ಎಲ್ಲಿಂದ ಬರುತ್ತದೆ? ಯಾವುದಕ್ಕೂ ತಾಗಿಲ್ಲವಲ್ಲ?

ಗಾಳಿಯಿಂದಲೇ. ಬೀಸಿದಾಗ ಮೈಯಲ್ಲಿ ಒಂದು ಸುತ್ತು ಹುಟ್ಟಿ ತುದಿಯ ಕಡೆಗೆ ಓಡುತ್ತದೆ. ಬುಡದಲ್ಲಿ ತೂಕದ ಹಗ್ಗವನ್ನು ಓಡಿಸಿದ ಶಕ್ತಿಯೇ ಮುಂದೆ ಹೋದಂತೆ ಹಗುರ ಹಗ್ಗವನ್ನು ಓಡಿಸಬೇಕು, ಹಾಗಾಗಿ ವೇಗ ಏರುತ್ತಾ ಹೋಗುತ್ತದೆ. ಕೊನೆಗೆ ಶಬ್ದದ ವೇಗವನ್ನೇ ದಾಟುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರ್. ಶಬ್ದದ ವೇಗ ದಾಟಿ ಹಾರುವ ಜೆಟ್ ವಿಮಾನ ಮಾಡುವ ಸದ್ದಿನದ್ದೇ ಸಣ್ಣ ರೂಪ ಆ ಛಟೀರ್. ಸದ್ದು ತುದಿಯಿಂದಲೇ ಬರುತ್ತದೆ ಅಂತ ಬಹಳ ಕಾಲ ಅಂದುಕೊಂಡಿದ್ದರು. 2002ರಲ್ಲಿ ಅಲೈನ್ ಗೋರಿಯೆಲಿ, ಟೈಲರ್ ಮೆಕ್‌ಮಿಲನ್ ಅನ್ನುವ ಗಣಿತದವರು ಲೆಕ್ಕ ಹಾಕಿ, ಸದ್ದು ಮಾಡುವುದು ಓಡುವ ಆ ಸುತ್ತೇ ಅಂತ ತೋರಿಸಿದರು. ಈಗ ಉಬ್ಬು ಯಾಕೆ ಬೇಡ ಅಂದೆ ಅಂತ ಗೊತ್ತಾಯಿತಲ್ಲ? ಉಬ್ಬಿರುವಲ್ಲಿ ಆ ಸುತ್ತು ಎಡವುತ್ತದೆ.

ಬೀಸುವುದು ಎಲ್ಲಿ, ಹೇಗೆ?

ಅಡಿಕೆ ತೋಟದಲ್ಲಿ ಬೇಡ, ಮರಕ್ಕೆ ಸುತ್ತಿಕೊಳ್ಳುತ್ತದೆ. ಅಂಗಳದಲ್ಲಿ ಕರೆಂಟ್ ವಯರ್ ಇರುತ್ತದೆ. ಕುಯಿಲಾದ ಗದ್ದೆ ಬಯಲೇ ಸರಿ. ಸುತ್ತ ಚಾವಟಿಯ ಎರಡು ಪಟ್ಟು ಜಾಗದಲ್ಲಿ ಯಾರೂ ಇರಬಾರದು, ಮುಖ್ಯವಾಗಿ ಮಕ್ಕಳು ಮತ್ತು ಏನೆಂದು ನೋಡಲು ಬರುವ ನಾಯಿ. ಕಣ್ಣಿಗೆ ಕನ್ನಡಕ ಇಲ್ಲದೆ ಬೀಸಲೇಬೇಡಿ. ಕಣ್ಣಿಗೆ ಕುಚ್ಚು ಬಡಿದರೆ ಕಣ್ಣು ಹೋಗಬಹುದು. ತುಂಬು ತೋಳಿನ ಅಂಗಿ, ಅಂಚು ಅಗಲ ಇರುವ ಟೋಪಿ, ಕಿವಿಗೆ ಹತ್ತಿ.

ಚಾವಟಿಯನ್ನು ಹಿಂದೆ ನೆಟ್ಟಗೆ ಹಾಸಿ. ತೋಳನ್ನು ಪಕ್ಕದಿಂದ ಮೇಲಕ್ಕೆ ಎತ್ತಿ, ಕಲ್ಲು ಎಸೆದ ಹಾಗೆ ಮುಂದಕ್ಕೆ ತಂದು, ಎದೆ ಮಟ್ಟದಲ್ಲಿ ನಿಲ್ಲಿಸಿ. ಶಕ್ತಿ ಬೇಡ. ಜೋರು ಮಾಡಿದಷ್ಟೂ ಬೆನ್ನಿಗೇ ಬೀಳುತ್ತದೆ, ಅನುಭವದ ಮಾತು.

ಮಂಗ ಓಡಿಸಲು ಆಗುತ್ತದಾ?

ಮೊದಲ ಎರಡು ದಿನ ಚೆನ್ನಾಗಿ ಓಡಿದವು. ಮೂರನೇ ದಿನ ಬಾಳೆಗೊನೆ ಹಿಡಿದುಕೊಂಡು ಕೂತು ನೋಡಿದವು.

ದನಕ್ಕೆ?

ಬೇಡ. ಬುಲ್‌ವಿಪ್ ದನ ಕಾಯುವವರ ಕೈಯಲ್ಲಿ ಬೆಳೆದದ್ದು ಸದ್ದಿಗಾಗಿ. ದನಕ್ಕೆ ಹೊಡೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಅದೂ ಅಲ್ಲದೆ ಈ ಕುಚ್ಚು ಚರ್ಮ ಸೀಳುತ್ತದೆ.

ಯಾವ ಬಣ್ಣ ಒಳ್ಳೆಯದು?

ಎರಡು ಬಣ್ಣ ತೆಗೆದುಕೊಂಡರೆ ಹೆಣಿಗೆ ತಪ್ಪಿದ್ದು ತಕ್ಷಣ ಕಾಣುತ್ತದೆ, ಕಲಿಯುವವರಿಗೆ ಅನುಕೂಲ. ಕಪ್ಪು ಮತ್ತು ಕಂದು ಬೇಡ ಅನ್ನುತ್ತೇನೆ. ಕರೆಂಟ್ ಹೋದ ರಾತ್ರಿ ಜಗಲಿಯಲ್ಲಿ ಸುರುಳಿ ಸುತ್ತಿಟ್ಟಿದ್ದನ್ನು ನೋಡಿ ಪಕ್ಕದ ಮನೆಯವರು ಕಾಳಿಂಗ ಅಂತ ಕೂಗಿ ನಾಲ್ಕು ಮನೆಯವರು ದೊಣ್ಣೆ ಹಿಡಿದು ಬಂದಿದ್ದರು. ಆಮೇಲೆ ಎಲ್ಲರಿಗೂ ಕಷಾಯ ಮಾಡಿ ಕೊಡಬೇಕಾಯಿತು.

ಎಷ್ಟು ದಿನ ಹಿಡಿಯುತ್ತದೆ?

ನನ್ನ ಮೊದಲನೆಯದಕ್ಕೆ ಮೂರು ವಾರದ ಸಂಜೆಗಳು, ಬಿಚ್ಚಿ ಮತ್ತೆ ಹೆಣೆದದ್ದೂ ಸೇರಿ. ಈಗ ನಾಲ್ಕೈದು ಸಂಜೆ.

ಎಲ್ಲಿಡುವುದು? ಎಷ್ಟು ವರ್ಷ ಬರುತ್ತದೆ?

ದೊಡ್ಡ ಸುರುಳಿ ಮಾಡಿ ಗೂಟಕ್ಕೆ ಹಾಕಿ, ಬಿಸಿಲು ನೇರ ಬೀಳದ ಕಡೆ. ನೈಲಾನಿಗೆ ಮಳೆಗಿಂತ ಬಿಸಿಲೇ ಶತ್ರು. ಬಚ್ಚಲ ಒಲೆಯ ಹತ್ತಿರ ಒಣಗಿಸಬೇಡಿ, ಮೇಣ ಇಳಿಯುತ್ತದೆ. ಕುಚ್ಚು ಆಗಾಗ ಹೋಗುತ್ತದೆ, ಬಾಲ ಅದಕ್ಕಿಂತ ನಿಧಾನವಾಗಿ ಸವೆಯುತ್ತದೆ, ಮೈ ವರ್ಷಗಟ್ಟಲೆ ಇರುತ್ತದೆ. ಒರಟು ನೆಲದ ಮೇಲೆ ಎಳೆದು ಎಳೆದು ಮೈಯ ತುದಿಯ ಎಳೆಗಳು ನವಿರೆದ್ದರೆ, ಎರಡಿಂಚು ಕತ್ತರಿಸಿ, ಆರು ಎಳೆಯನ್ನೂ ಬಿಚ್ಚಿ, ಬಾಲವನ್ನು ಮತ್ತೆ ಕಟ್ಟಿ. ಹಾಗೆ ಕತ್ತರಿಸಿ ಕತ್ತರಿಸಿ ನನ್ನ ಆರು ಅಡಿಯದು ಈಗ ಐದೂಮುಕ್ಕಾಲು ಆಗಿದೆ.